ಪರಕೀಯರ ದ್ವೀಪಗಳು: ಮಣ್ಣು ಮತ್ತು ಮಾತಿನ ಚರಿತ್ರೆ

ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಸಿದವನು ಇವನು. ಕಾವಲಿ ಬೋರಯ್ಯ ಮೊದಲಾದ ದೇಶೀ ವಿದ್ವಾಂಸರ ನೆರವಿನಿಂದ ಊರೂರಿನ ಕೈಫಿಯತ್ತು, ಶಾಸನ, ವಂಶಾವಳಿಗಳನ್ನು ಕಲೆಹಾಕಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡ. ಇಂಥವರನ್ನೆಲ್ಲ ನಾವು ‘ಇಂಗ್ಲಿಷರು’ ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತೇವೆ. ಆದರೆ ಮೆಕೆಂಜಿ ಇಂಗ್ಲೆಂಡಿನವನಲ್ಲ. ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ 1754ರಲ್ಲಿ ಹುಟ್ಟಿದವನು. ಆ ದ್ವೀಪದ ಜನರ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ, ಗೇಲಿಕ್ ಆಗಿತ್ತು. ಮೈಸೂರಿನ ಹಳ್ಳಿಗಳ ಕಥೆಯನ್ನು ಬರೆಸಿಕೊಂಡ ಈ ಮನುಷ್ಯನ ಸ್ವಂತ ನೆಲದ ಕಥೆ ಏನು? ಸಾಮ್ರಾಜ್ಯಕ್ಕೆ ದುಡಿದವರ ಊರನ್ನು ಸಾಮ್ರಾಜ್ಯವು ಹೇಗೆ ನಡೆಸಿಕೊಂಡಿತು ಎಂಬುದನ್ನು ಅರಿಯಲು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಸ್ಕಾಟ್ಲೆಂಡನ್ನು ಇಂದು ಸ್ಥಳೀಯ ಆಡಳಿತಕ್ಕಾಗಿ 32 ಕೌನ್ಸಿಲ್ ಪ್ರದೇಶಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಪಶ್ಚಿಮ ದ್ವೀಪಗಳದ್ದು ಒಂದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 210 ಕಿಲೋಮೀಟರ್ ಉದ್ದಕ್ಕೆ ಸರಪಳಿಯಂತೆ ಹಬ್ಬಿರುವ ದ್ವೀಪಗಳಿವು. ಮಿಂಚ್ ಎಂಬ ಕಡಲ್ಗಾಲುವೆ ಇವನ್ನು ಸ್ಕಾಟ್ಲೆಂಡಿನ ಮುಖ್ಯ ನೆಲದಿಂದ ಬೇರ್ಪಡಿಸಿದೆ. ಲೂಯಿಸ್ ಮತ್ತು ಹ್ಯಾರಿಸ್ ಎಂದು ಎರಡು ಹೆಸರಿದ್ದರೂ ಅದು ಒಂದೇ ದ್ವೀಪ. ಅದರ ದಕ್ಷಿಣಕ್ಕೆ ಉತ್ತರ ಯೂಯಿಸ್ಟ್, ಬೆನ್‌ಬೆಕ್ಯುಲಾ, ದಕ್ಷಿಣ ಯೂಯಿಸ್ಟ್, ಬಾರಾ ದ್ವೀಪಗಳಿವೆ. ಇಲ್ಲಿನ ಬಂಡೆ ಯುರೋಪಿನ ಅತಿ ಹಳೆಯ ಬಂಡೆಗಳಲ್ಲೊಂದು. ಅದರ ಮೇಲೆ ಜೌಗು ನೆಲ. ಮಣ್ಣಿನ ಹೆಂಟೆಯನ್ನೇ ಕೊಯ್ದು ಒಣಗಿಸಿ ಉರುವಲು ಮಾಡಿಕೊಂಡು ಜನ ಚಳಿಗಾಲ ಕಳೆದರು. ಒಳ್ಳೆಯ ಹುಲ್ಲು ಬೆಳೆಯುವುದು ಪಡುವಣ ಕರಾವಳಿಯ ಮರಳುಮಿಶ್ರಿತ ಬಯಲಿನಲ್ಲಿ ಮಾತ್ರ. ಇಷ್ಟು ಬಡನೆಲಕ್ಕಾಗಿ ಇಷ್ಟೊಂದು ಜಗಳ ಏಕೆ ನಡೆಯಿತು ಎಂದು ಯಾರಿಗಾದರೂ ಸೋಜಿಗವಾಗಬಹುದು.

ಲೂಯಿಸಿನ ಕ್ಯಾಲನಿಶ್ ಎಂಬಲ್ಲಿ ಸುಮಾರು ಐದು ಸಾವಿರ ವರ್ಷ ಹಿಂದೆ ನಿಲ್ಲಿಸಿದ ಕಲ್ಲುಗಳ ವೃತ್ತವಿದೆ. ಅದನ್ನು ನಿಲ್ಲಿಸಿದವರ ಭಾಷೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಗೇಲಿಕ್ ಮಾತಾಡುವವರು ಬಂದದ್ದು ಬಹಳ ತಡವಾಗಿ. ಒಂಬತ್ತನೇ ಶತಮಾನದ ಹೊತ್ತಿಗೆ ನಾರ್ವೆ ಕಡೆಯ ಕಡಲಯೋಧರು ಬಂದು ನೆಲೆಸಿದರು. 1266ರಲ್ಲಿ ಪರ್ತ್ ಒಪ್ಪಂದದಂತೆ ನಾರ್ವೆಯ ದೊರೆ ಈ ದ್ವೀಪಗಳನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟ. ಆ ಕಾಲದ ನೆನಪಾಗಿ ಗೇಲಿಕ್ ಭಾಷೆಯಲ್ಲಿ ಈ ದ್ವೀಪಗಳಿಗೆ ‘ಇನ್ಶೆ ಗೌಲ್’ ಎಂಬ ಹೆಸರು ಉಳಿದಿದೆ. ಅದರ ಅರ್ಥ ‘ಪರಕೀಯರ ದ್ವೀಪಗಳು’. ಕುತೂಹಲಕರವೆಂದರೆ, ಹಾಗೆ ಬಂದ ಪರಕೀಯರು ನಿಧಾನವಾಗಿ ಗೇಲಿಕ್ ಕಲಿತು ಅಲ್ಲಿಯವರೇ ಆದರು. ಇಂದು ಲೂಯಿಸಿನ ಅಪ್ಪಟ ಮನೆತನದ ಹೆಸರೆನಿಸಿಕೊಂಡ ಮ್ಯಾಕ್ಲೌಡ್ ಎಂಬುದರಲ್ಲಿರುವ ‘ಲೌಡ್’ ಮೂಲತಃ ನಾರ್ಸ್ ಹೆಸರು.

ಈ ಬೆರಕೆಗೆ ಇನ್ನೊಂದು ಸಾಕ್ಷಿ 1831ರಲ್ಲಿ ಲೂಯಿಸಿನ ಊಗ್ ಎಂಬಲ್ಲಿ ಮರಳಿನಡಿ ಸಿಕ್ಕ ನಿಧಿ. ಹನ್ನೆರಡನೇ ಶತಮಾನದಲ್ಲಿ, ಬಹುಶಃ ನಾರ್ವೆಯಲ್ಲಿ, ಹೆಚ್ಚಾಗಿ ಕಡಲಸಿಂಹದ ಜಾತಿಯ ವಾಲ್ರಸ್ ಪ್ರಾಣಿಯ ದಂತದಲ್ಲಿ ಕೆತ್ತಿದ ಚದುರಂಗದ ಕಾಯಿಗಳವು. ಭಾರತದ ಚತುರಂಗ ಪರ್ಷಿಯಾಕ್ಕೆ ಹೋಗಿ, ಅರಬರ ಕೈಯಲ್ಲಿ ‘ಶತ್ರಂಜ್’ ಆಗಿ, ಮುಸ್ಲಿಂ ಸ್ಪೇನ್ ಮೊದಲಾದ ದಾರಿಗಳಿಂದ ಯುರೋಪಿಗೆ ತಲುಪಿತು. ದಾರಿಯಲ್ಲಿ ವಜೀರ ರಾಣಿಯಾದ, ಆನೆ ಬಿಷಪ್ಪನಾಯಿತು. ಊಗ್‌ನ ಕಾಯಿಗಳಲ್ಲಿ ಕೆನ್ನೆಗೆ ಕೈಹಚ್ಚಿ ಚಿಂತೆಯಲ್ಲಿ ಕುಳಿತ ರಾಣಿಯೂ ಇದ್ದಾಳೆ, ಬಿಷಪ್ಪನೂ ಇದ್ದಾನೆ. ನಿಧಿಯ 93 ವಸ್ತುಗಳಲ್ಲಿ 82 ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ 11 ಎಡಿನ್‌ಬರೋದಲ್ಲೂ ಉಳಿದವು. ಸಿಕ್ಕ ಊರಿಗೆ ಏನೂ ಉಳಿಯಲಿಲ್ಲ.

ಊರಿನ ಕೈ ತಪ್ಪಿದ್ದು ಚದುರಂಗದ ಕಾಯಿಗಳಷ್ಟೇ ಅಲ್ಲ. 1598ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್, ದ್ವೀಪದ ಜನ ಅನಾಗರಿಕರೆಂದು ಬಗೆದು ಲೂಯಿಸನ್ನು ದಕ್ಷಿಣದ ಫೈಫ್ ಸೀಮೆಯ ಸಾಹಸಿಗರ ಗುಂಪಿಗೆ ವಹಿಸಿಕೊಟ್ಟ. ಜನ ಅವರನ್ನು ಓಡಿಸಿದರು. ದ್ವೀಪ ಕೊನೆಗೆ ಮುಖ್ಯ ನೆಲದ ಮೆಕೆಂಜಿ ಪಾಳೆಯಗಾರರ ಪಾಲಾಯಿತು. 1609ರ ಕಟ್ಟಳೆಗಳ ಪ್ರಕಾರ ದ್ವೀಪಗಳ ನಾಯಕರು ಹಿರಿಮಕ್ಕಳನ್ನು ಇಂಗ್ಲಿಷ್ ಕಲಿಯಲು ಹೊರಗೆ ಕಳಿಸಬೇಕಾಯಿತು. ಗೇಲಿಕ್ ಭಾಷೆಯೇ ಅನಾಗರಿಕತೆಯ ಮೂಲವೆಂದು 1616ರ ರಾಜಾಜ್ಞೆ ಹೇಳಿತು. ಮುಂದಿನ ತಲೆಮಾರುಗಳಲ್ಲಿ ನಾಯಕರು ಜನರ ಭಾಷೆಯನ್ನೂ ಬಿಟ್ಟರು, ಜನರನ್ನೂ ಬಿಟ್ಟರು. ಕುಲದ ಮುಖ್ಯಸ್ಥನಾಗಿದ್ದವನು ಬಾಡಿಗೆ ಎಣಿಸುವ ಜಮೀನ್ದಾರನಾದ.

ಜಮೀನ್ದಾರನಿಗೆ ಜನರಿಂದ ಎರಡು ಲಾಭಗಳಿದ್ದವು. ಮೊದಲನೆಯದು ಸೈನಿಕರು. 1778ರಲ್ಲಿ ಸೀಫೋರ್ತ್ ಮನೆತನದ ಮೆಕೆಂಜಿ ದೊರೆ ತನ್ನ ಸೀಮೆಯ ಗೇಲಿಕ್ ಯುವಕರಿಂದ ಕಟ್ಟಿದ ಪಡೆ ಭಾರತಕ್ಕೆ ಬಂದು ಮೈಸೂರಿನ ವಿರುದ್ಧ ಕಾದಿತು. ಎರಡನೆಯದು ಕಡಲಕಳೆ. ಅದನ್ನು ಸುಟ್ಟ ಬೂದಿಗೆ ಸೋಪು ಮತ್ತು ಗಾಜಿನ ಕಾರ್ಖಾನೆಗಳಲ್ಲಿ ಬೇಡಿಕೆಯಿತ್ತು. ಒಕ್ಕಲುಗಳನ್ನು ಸಣ್ಣಸಣ್ಣ ತುಂಡುಭೂಮಿಗಳಲ್ಲಿ ಕೂರಿಸಿ ಈ ಕೆಲಸಕ್ಕೆ ಹಚ್ಚಿದರು. ಈ ತುಂಡು ಹಿಡುವಳಿಯೇ ‘ಕ್ರಾಫ್ಟ್’. 1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಬೂದಿಯ ಬೆಲೆ ಕುಸಿಯಿತು. 1846ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಬಂತು. ಈಗ ಜನ ಜಮೀನ್ದಾರರಿಗೆ ಹೊರೆಯಾದರು. ಅವರ ಜಾಗಕ್ಕೆ ಕುರಿಗಳು ಬಂದವು. ದಕ್ಷಿಣ ಯೂಯಿಸ್ಟ್ ಮತ್ತು ಬಾರಾ ದ್ವೀಪಗಳ ಒಡೆಯನಾದ ಕ್ಲೂನಿಯ ಗಾರ್ಡನ್ 1851ರಲ್ಲಿ ನೂರಾರು ಕುಟುಂಬಗಳನ್ನು ಹಡಗಿಗೆ ಹತ್ತಿಸಿ ಕೆನಡಾಕ್ಕೆ ಕಳಿಸಿದ. ಉಟ್ಟ ಬಟ್ಟೆಯಲ್ಲಿ ದಡ ಸೇರಿದ ಅವರಿಗೆ ಆ ದೇಶದ ಭಾಷೆ ಬರುತ್ತಿರಲಿಲ್ಲ.

ಲೂಯಿಸಿನ ಪಾಡೂ ಬೇರೆಯಾಗಿರಲಿಲ್ಲ. 1844ರಲ್ಲಿ ಇಡೀ ದ್ವೀಪವನ್ನು 1,90,000 ಪೌಂಡಿಗೆ ಕೊಂಡವನು ಜೇಮ್ಸ್ ಮ್ಯಾಥಿಸನ್. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರಿ ಸಿರಿವಂತನಾದ ಜಾರ್ಡಿನ್ ಮ್ಯಾಥಿಸನ್ ಕಂಪನಿಯ ಪಾಲುದಾರ ಇವನು. ನಮ್ಮ ರೈತನ ಬೆವರು ಮತ್ತು ಚೀನೀಯರ ಚಟದಿಂದ ಹುಟ್ಟಿದ ಹಣದಲ್ಲಿ ಸ್ಟಾರ್ನೊವೇ ಬಂದರಿನೆದುರು ಕೋಟೆಮನೆಯೊಂದು ಎದ್ದಿತು. ಕ್ಷಾಮದಲ್ಲಿ ಅವನು ಕಾಳು ಹಂಚಿದ್ದು ನಿಜ. ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆನಡಾಕ್ಕೆ ಸಾಗಿಸಿದ್ದೂ ನಿಜ. ಅವನ ಪಾರುಪತ್ಯಗಾರ ಡೊನಾಲ್ಡ್ ಮನ್ರೋನ ದರ್ಪ ತಡೆಯಲಾರದೆ 1874ರಲ್ಲಿ ಬರ್ನೆರಾ ಎಂಬ ಪುಟ್ಟ ದ್ವೀಪದ ರೈತರು ತಿರುಗಿಬಿದ್ದರು. ಮೂವರ ಮೇಲೆ ಮೊಕದ್ದಮೆ ನಡೆದು ಮೂವರೂ ಬಿಡುಗಡೆಯಾದರು. ಹೈಲ್ಯಾಂಡ್ ಸೀಮೆಯ ರೈತರು ನ್ಯಾಯಾಲಯದಲ್ಲಿ ಗೆದ್ದ ಮೊದಲ ದೊಡ್ಡ ಗೆಲುವೆಂದು ಇದನ್ನು ನೆನೆಯುತ್ತಾರೆ. ಇಂಥ ಹೋರಾಟಗಳು ಎಲ್ಲೆಡೆ ಹಬ್ಬಿ 1886ರಲ್ಲಿ ಕ್ರಾಫ್ಟ್ ಕಾಯಿದೆ ಬಂತು. ಇನ್ನು ಗೇಣಿದಾರನನ್ನು ಮನಬಂದಂತೆ ಒಕ್ಕಲೆಬ್ಬಿಸುವಂತಿರಲಿಲ್ಲ. ಬಾಡಿಗೆ ನ್ಯಾಯವಾಗಿರಬೇಕಿತ್ತು. ಹಿಡುವಳಿ ಮಕ್ಕಳಿಗೆ ದಾಟುತ್ತಿತ್ತು. ಆದರೆ ಹಿಂದೆ ಕಸಿದುಕೊಂಡ ನೆಲ ಮರಳಲಿಲ್ಲ.

ಒಂದನೇ ಮಹಾಯುದ್ಧದಲ್ಲಿ ಲೂಯಿಸಿನಿಂದ ಆರು ಸಾವಿರಕ್ಕೂ ಹೆಚ್ಚು ಜನ ಹೋದರು. ಸುಮಾರು ಸಾವಿರ ಮಂದಿ ಮರಳಲಿಲ್ಲ. ಬದುಕಿ ಉಳಿದವರನ್ನು ಹೊತ್ತ ‘ಅಯೊಲೇರ್’ ಹಡಗು 1919ರ ಜನವರಿ 1ರ ನಸುಕಿನಲ್ಲಿ ಸ್ಟಾರ್ನೊವೇ ಬಂದರಿನ ಬಾಯಲ್ಲೇ ಬಂಡೆಗೆ ಬಡಿಯಿತು. ಸುಮಾರು 280 ಜನರಲ್ಲಿ 201 ಮಂದಿ ಸತ್ತರು. ಹೊಸವರ್ಷದ ದಿನ ಮನೆಯವರು ಗಂಡಂದಿರ, ಮಕ್ಕಳ ಹೆಣಗಳನ್ನು ದಡದಿಂದ ಗಾಡಿಗಳಲ್ಲಿ ಒಯ್ದರು. ಆ ದುಃಖದ ಬಗ್ಗೆ ಹಲವು ಮನೆಗಳಲ್ಲಿ ದಶಕಗಳವರೆಗೆ ಯಾರೂ ಮಾತೇ ಎತ್ತಲಿಲ್ಲವಂತೆ.

ಯುದ್ಧ ಮುಗಿಸಿ ಬಂದವರಿಗೆ ಭೂಮಿ ಕೊಡುವುದಾಗಿ ಸರ್ಕಾರ ಭರವಸೆ ಕೊಟ್ಟಿತ್ತು. ಆದರೆ 1918ರಲ್ಲಿ ದ್ವೀಪವನ್ನು ಕೊಂಡಿದ್ದವನು ಸನ್‌ಲೈಟ್ ಸೋಪಿನ ಒಡೆಯ ಲಾರ್ಡ್ ಲೆವರ್‌ಹ್ಯೂಮ್. ಮೀನುಗಾರಿಕೆಯ ಕಾರ್ಖಾನೆ ಕಟ್ಟುತ್ತೇನೆ, ಎಲ್ಲರಿಗೂ ಕೂಲಿ ಕೊಡುತ್ತೇನೆ, ಭೂಮಿ ಏಕೆ ಎಂಬುದು ಅವನ ವಾದ. ತಿಂಗಳ ಕೂಲಿಗಿಂತ ಸ್ವಂತ ತುಂಡುಭೂಮಿ ಮೇಲೆಂದು ಬಗೆದ ಮಾಜಿ ಸೈನಿಕರು ದೊಡ್ಡ ಹೊಲಗಳಿಗೆ ನುಗ್ಗಿ ಗುರುತು ಹಾಕಿದರು. 1923ರಲ್ಲಿ ಕೈಚೆಲ್ಲಿದ ಲೆವರ್‌ಹ್ಯೂಮ್ ದ್ವೀಪವನ್ನು ಜನರಿಗೇ ದಾನ ಕೊಡುತ್ತೇನೆಂದ. ಸ್ಟಾರ್ನೊವೇ ಭಾಗದವರು ಒಪ್ಪಿಕೊಂಡು, ನಿವಾಸಿಗಳೇ ಆರಿಸುವ ಟ್ರಸ್ಟ್ ಕಟ್ಟಿಕೊಂಡರು. ತೆರಿಗೆಯ ಹೊರೆಗೆ ಅಂಜಿ ಉಳಿದವರು ಹಿಂದೆ ಸರಿದರು. ಅದೇ ವರ್ಷ ‘ಮೆಟಗಾಮ’ ಎಂಬ ಹಡಗು ಸುಮಾರು ಮುನ್ನೂರು ಯುವಜನರನ್ನು ಲೂಯಿಸಿನಿಂದ ಕೆನಡಾಕ್ಕೆ ಒಯ್ದಿತು. 1930ರಲ್ಲಿ ಟಾಂಗ್ ಎಂಬ ಹಳ್ಳಿಯಿಂದ ಮೇರಿ ಆನ್ ಮ್ಯಾಕ್ಲೌಡ್ ಎಂಬ ಗೇಲಿಕ್ ಮನೆಮಾತಿನ ಹುಡುಗಿ ಕೆಲಸ ಹುಡುಕಿ ನ್ಯೂಯಾರ್ಕಿಗೆ ಹೋದಳು. ಅದೇ ವರ್ಷ ಆಗಸ್ಟಿನಲ್ಲಿ ದೂರದ ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದ 36 ಜನ ತಾವಾಗಿಯೇ ಕೇಳಿಕೊಂಡು ಊರು ತೊರೆದರು.

ಆಡಳಿತದ ಕಥೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1975ರವರೆಗೆ ಈ ದ್ವೀಪಗಳಿಗೆ ಒಂದು ಆಡಳಿತವೇ ಇರಲಿಲ್ಲ. ಲೂಯಿಸ್ ರಾಸ್ ಅಂಡ್ ಕ್ರಾಮರ್ಟಿ ಜಿಲ್ಲೆಗೂ, ಹ್ಯಾರಿಸಿನಿಂದ ಬಾರಾವರೆಗಿನ ಭಾಗ ಇನ್ವರ್ನೆಸ್ ಜಿಲ್ಲೆಗೂ ಸೇರಿದ್ದವು. ಶಾಲೆ, ರಸ್ತೆಯ ಒಂದು ಅರ್ಜಿ ಕೂಡ ಕಡಲು ದಾಟಿ ಹೋಗಬೇಕಿತ್ತು. 1973ರ ಕಾಯಿದೆಯಂತೆ 1975ರಲ್ಲಿ ಎಲ್ಲ ದ್ವೀಪಗಳಿಗೂ ಒಂದೇ ಕೌನ್ಸಿಲ್ ಬಂತು. ಅದು ತೊಡಗಿದೊಡನೆ ಮಾಡಿದ ಮುಖ್ಯ ಕೆಲಸವೆಂದರೆ ದ್ವಿಭಾಷಾ ನೀತಿ. 1872ರ ಶಿಕ್ಷಣ ಕಾಯಿದೆಯಲ್ಲಿ ಗೇಲಿಕ್ ಭಾಷೆಗೆ ಜಾಗವೇ ಇರಲಿಲ್ಲ. ಶಾಲೆಯಲ್ಲಿ ತಾಯಿಮಾತಾಡಿದ ಮಕ್ಕಳು ಪೆಟ್ಟು ತಿಂದ ನೆನಪುಗಳು ಅಲ್ಲಿ ಎಷ್ಟೋ ಇವೆ. ಆ ಭಾಷೆ ಈಗ ಕಚೇರಿಗೆ, ರಸ್ತೆಯ ಫಲಕಕ್ಕೆ ಬಂತು. 1997ರ ಕಾಯಿದೆಯ ನಂತರ ಕೌನ್ಸಿಲ್ ತನ್ನ ಇಂಗ್ಲಿಷ್ ಹೆಸರನ್ನೇ ಬಿಟ್ಟು ‘ಕೋರ್ಲೆ ನನ್ ಇಲೆನ್ ಶೀಯರ್’ ಎಂಬ ಗೇಲಿಕ್ ಹೆಸರನ್ನು ಉಳಿಸಿಕೊಂಡಿತು. ಪಶ್ಚಿಮ ದ್ವೀಪಗಳ ಸಭೆ ಎಂದು ಅರ್ಥ. ಇಲ್ಲಿನ ಸದಸ್ಯರಲ್ಲಿ ಹೆಚ್ಚಿನವರು ಯಾವ ಪಕ್ಷಕ್ಕೂ ಸೇರದ ಸ್ವತಂತ್ರರು ಎಂಬುದೂ ಗಮನಾರ್ಹ. ಎಡವಿದ್ದೂ ಉಂಟು: 1991ರಲ್ಲಿ ಬಿಸಿಸಿಐ ಬ್ಯಾಂಕು ಮುಳುಗಿದಾಗ ಕೌನ್ಸಿಲ್ ಅಲ್ಲಿಟ್ಟಿದ್ದ 2 ಕೋಟಿ 30 ಲಕ್ಷ ಪೌಂಡು ಸಿಕ್ಕಿಬಿತ್ತು.

ಮಣ್ಣೂ ನಿಧಾನವಾಗಿ ಮರಳಿತು. ಸ್ಕಾಟ್ಲೆಂಡಿನ ಸಂಸತ್ತು 2003ರಲ್ಲಿ ಭೂಸುಧಾರಣಾ ಕಾಯಿದೆ ತಂದಿತು. ಅದೇ ವರ್ಷ ಉತ್ತರ ಹ್ಯಾರಿಸ್, 2006ರಲ್ಲಿ ದಕ್ಷಿಣ ಯೂಯಿಸ್ಟ್, 2007ರಲ್ಲಿ ಲೂಯಿಸಿನ ಗಾಲ್ಸನ್ ಪ್ರದೇಶ ಜಮೀನ್ದಾರರ ಕೈಯಿಂದ ಊರವರ ಟ್ರಸ್ಟುಗಳಿಗೆ ಬಂದವು. ಇಂದು ದ್ವೀಪಗಳ ಮೂರನೇ ಎರಡರಷ್ಟಕ್ಕೂ ಹೆಚ್ಚು ಜನ ಸಮುದಾಯದ ಒಡೆತನದ ನೆಲದಲ್ಲಿ ಬದುಕುತ್ತಿದ್ದಾರೆ. ಮ್ಯಾಥಿಸನ್ನನ ಕೋಟೆಮನೆಯ ಆವರಣದಲ್ಲಿ 2016ರಲ್ಲಿ ಕೌನ್ಸಿಲಿನ ವಸ್ತುಸಂಗ್ರಹಾಲಯ ತೆರೆಯಿತು. ಊಗ್‌ನ ಆರು ಚದುರಂಗದ ಕಾಯಿಗಳು ಲಂಡನ್ನಿನಿಂದ ಅಲ್ಲಿಗೆ ಬಂದವು, ಎರವಲಾಗಿ.

ಈ ನೆಲಕ್ಕೆ ಇಪ್ಪತ್ತನೇ ಶತಮಾನದಲ್ಲಿ ಇನ್ನೊಂದು ಬಗೆಯ ‘ಪರಕೀಯರು’ ಬಂದರು. ಪಂಜಾಬಿನ ಕಡೆಯ ಕೆಲವು ಮುಸ್ಲಿಮರು ಬಟ್ಟೆಯ ಗಂಟು ಹೊತ್ತು ಹಳ್ಳಿಯಿಂದ ಹಳ್ಳಿಗೆ ಮಾರುತ್ತ, ಮುಂದೆ ಸ್ಟಾರ್ನೊವೇಯಲ್ಲಿ ಅಂಗಡಿಯಿಟ್ಟರು. ಗಿರಾಕಿಗಳ ಭಾಷೆ ಗೇಲಿಕ್, ಅದನ್ನೇ ಕಲಿತರು. ಅವರ ಮಕ್ಕಳು ಗೇಲಿಕ್ ಆಡುತ್ತಲೇ ಬೆಳೆದರು. ಲೂಯಿಸ್ ಕಟ್ಟುನಿಟ್ಟಿನ ಪ್ರೊಟೆಸ್ಟಂಟರ ನಾಡು. ಭಾನುವಾರ ದೇವರ ದಿನವೆಂದು 2009ರವರೆಗೆ ಸ್ಟಾರ್ನೊವೇಯಿಂದ ಆ ದಿನ ಪ್ರಯಾಣಿಕರ ಹಡಗೇ ಹೊರಡುತ್ತಿರಲಿಲ್ಲ. ದಕ್ಷಿಣದ ಬಾರಾದಲ್ಲಿ ಕ್ಯಾಥೊಲಿಕರೇ ಹೆಚ್ಚು. ಇಂಥ ಸೀಮೆಯಲ್ಲಿ ಮುಸ್ಲಿಮರು ದಶಕಗಳ ಕಾಲ ಮನೆಗಳಲ್ಲೇ ನಮಾಜು ಮಾಡಿದರು. 2016ರಲ್ಲಿ ಕೆಲವು ಸಿರಿಯನ್ ನಿರಾಶ್ರಿತ ಕುಟುಂಬಗಳು ಬಂದವು. ಪಾಳುಬಿದ್ದ ಕಟ್ಟಡವೊಂದನ್ನು ಮಸೀದಿ ಮಾಡಲು ಸಾರ್ವಜನಿಕರಲ್ಲಿ 50,000 ಪೌಂಡು ಕೋರಿದಾಗ ಅದಕ್ಕಿಂತ ಹೆಚ್ಚೇ ಕೂಡಿತು. ಕೊಟ್ಟವರಲ್ಲಿ ಮುಸ್ಲಿಮೇತರರೂ ಇದ್ದರು. ಅಪಸ್ವರ ಏಳಲಿಲ್ಲವೆಂದಲ್ಲ, ಅದು ಮೇಲುಗೈಯಾಗಲಿಲ್ಲ. 2018ರ ಮೇ ತಿಂಗಳಲ್ಲಿ, ರಂಜಾನಿಗೆ ಕೆಲವೇ ದಿನ ಮುಂಚೆ ಮಸೀದಿ ತೆರೆಯಿತು. ಅಷ್ಟು ಉತ್ತರದಲ್ಲಿ ಬೇಸಗೆಯ ಉಪವಾಸ ಹದಿನೆಂಟು ತಾಸನ್ನೂ ಮೀರುತ್ತದೆ. ಟಾಂಗ್ ಹಳ್ಳಿಯಿಂದ ವಲಸೆ ಹೋದ ಮೇರಿ ಆನ್‌ಳ ಮಗ ಡೊನಾಲ್ಡ್ ಟ್ರಂಪ್ 2017ರಲ್ಲಿ ಅಮೆರಿಕದ ಅಧ್ಯಕ್ಷನಾಗಿ ಸಿರಿಯಾ ಸೇರಿದಂತೆ ಹಲವು ಮುಸ್ಲಿಂ ದೇಶಗಳವರಿಗೆ ಬಾಗಿಲು ಮುಚ್ಚುವ ಆಜ್ಞೆ ಹೊರಡಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2011ರಲ್ಲಿ 27,684 ಇದ್ದ ದ್ವೀಪಗಳ ಜನಸಂಖ್ಯೆ 2022ರ ಜನಗಣತಿಯಲ್ಲಿ ಸುಮಾರು 26 ಸಾವಿರಕ್ಕೆ ಇಳಿಯಿತು. ಗೇಲಿಕ್ ಮಾತಾಡುವವರು ಶೇಕಡ 52ರಿಂದ ಸುಮಾರು 45ಕ್ಕೆ ಇಳಿದರು. ಭಾಷೆಯ ಕೊನೆಯ ಗಟ್ಟಿನೆಲೆಯಲ್ಲೇ ಅದು ಅಲ್ಪಸಂಖ್ಯಾತ ಭಾಷೆಯಾಯಿತು. ಪೋಷಕರು ಬೇರೆ ಕೇಳದಿದ್ದರೆ ಒಂದನೇ ತರಗತಿಗೆ ಗೇಲಿಕ್ ಮಾಧ್ಯಮವೇ ಎಂದು ಕೌನ್ಸಿಲ್ 2020ರಲ್ಲಿ ತೀರ್ಮಾನಿಸಿತು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಕಾಯಿದೆ ಮಾಡಿತು. ಆದರೆ ಊರಲ್ಲಿ ಮನೆ, ಕೆಲಸ ಸಿಗದೆ ಯುವಕರು ಹಡಗು ಹತ್ತಿದರೆ ಶಾಲೆಯ ಭಾಷೆ ಅಡುಗೆಮನೆಗೆ ತಲುಪುವುದು ಕಷ್ಟ.

ಭಾಷೆ, ಸಂಸ್ಕೃತಿ ಕ್ಷೀಣಿಸಿದಾಗಲೆಲ್ಲ ಹೊರಗಿನಿಂದ ಬಂದ ಬಡವರತ್ತ ಬೆರಳು ತೋರಿಸುವ ರೂಢಿ ಎಲ್ಲ ದೇಶಗಳಲ್ಲೂ ಇದೆ. ಈ ದ್ವೀಪಗಳ ಚರಿತ್ರೆ ಬೇರೆಯೇ ಹೇಳುತ್ತದೆ. ಗೇಲಿಕ್ ಭಾಷೆಯನ್ನು ಕುಗ್ಗಿಸಿದವರು ಅಲ್ಲಿಗೆ ಬಂದು ನೆಲೆಸಿದ ನಾರ್ಸ್ ಜನರಲ್ಲ, ಬಟ್ಟೆ ಮಾರಿದ ಪಂಜಾಬಿಗಳೂ ಅಲ್ಲ. ಅವರೆಲ್ಲ ಅದನ್ನು ಕಲಿತರು. ಅದನ್ನು ಕುಗ್ಗಿಸಿದ್ದು ದೂರದ ರಾಜಾಜ್ಞೆ, ಶಾಲೆಯ ಬೆತ್ತ, ತನ್ನ ಒಕ್ಕಲಿನ ಮಾತನ್ನೇ ಮರೆತ ಒಡೆಯ. ಪರಕೀಯರ ದ್ವೀಪಗಳೆಂದು ಹೆಸರಾದ ಕಡೆ ನಿಜವಾದ ಪರಕೀಯರು ಯಾರಾಗಿದ್ದರೆಂಬುದನ್ನು ಅಲ್ಲಿಯ ಜನ ಬಹಳ ಬೆಲೆ ತೆತ್ತು ತಿಳಿದುಕೊಂಡರು.