ನರವಲ್ಲದ ನರ

ಆಟದ ಬಯಲಿನಲ್ಲಿ ಓಡುತ್ತಿದ್ದವನು ಹಿಮ್ಮಡಿ ಹಿಡಿದುಕೊಂಡು ಕುಳಿತನೆಂದರೆ ಸುತ್ತ ನೆರೆದವರೆಲ್ಲರ ತೀರ್ಪು ಒಂದೇ: “ನರ ಹಿಡಿದಿದೆ.” ಎಳೆದುಕೊಂಡದ್ದೂ ನರ, ಹೊರಳಿದ್ದೂ ನರ. ವೈದ್ಯರು ಇದನ್ನು ಒಪ್ಪುವುದಿಲ್ಲ. ಅದು ನರವಲ್ಲ, ಸ್ನಾಯುರಜ್ಜು ಎನ್ನುತ್ತಾರೆ. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿಗೆ ಆ ಹೆಸರು. ನರವಾದರೋ ಮಿದುಳಿನ ಸುದ್ದಿಯನ್ನು ಒಯ್ದು ತರುವ ತಂತಿ. ಒಂದು ಹಗ್ಗ, ಇನ್ನೊಂದು ತಂತಿ. ಜನರ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪದಗಳ ಜಾಡು ಹಿಡಿದು ಹೋಗುವುದು ನನ್ನ ಕಸುಬು. ಈ ಪದದ ಜಾಡು ನನ್ನನ್ನು ವೈದ್ಯಶಾಸ್ತ್ರದ ಚರಿತ್ರೆಯೊಳಕ್ಕೆ ಎಳೆದುಕೊಂಡು ಹೋಯಿತು. ತಪ್ಪು ಹೆಸರು ತಪ್ಪು ಚಿಕಿತ್ಸೆಗೆ ದಾರಿಯಾಗಬಲ್ಲದೆಂಬುದಕ್ಕೆ ಈ ರಜ್ಜುವಿನ ಕಥೆಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ನಮ್ಮ ಜನರ ಗೊಂದಲ ನಮ್ಮದೊಬ್ಬರದೇ ಅಲ್ಲ. ಪ್ರಾಚೀನ ಗ್ರೀಕರಲ್ಲಿ ‘ನ್ಯೂರಾನ್’ ಎಂಬ ಮಾತಿಗೆ ಮೊದಲು ಹುರಿ, ಬಿಲ್ಲಿನ ಹೆದೆ ಎಂಬ ಅರ್ಥವಿತ್ತು. ನರವೆಂಬ ಅರ್ಥ ಬಂದು ಕೂಡಿದ್ದು ಆಮೇಲೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೆರ್ಗಮಾನ್ ನಗರದ ಮಲ್ಲಯೋಧರಿಗೆ ವೈದ್ಯನಾಗಿದ್ದ ಗೇಲನ್, ನರದ ಎಳೆಗಳೂ ಮೂಳೆ ಕಟ್ಟುವ ತಂತುಗಳೂ ಬೆರೆತು ರಜ್ಜುವಾಗುತ್ತದೆಂದು ತಿಳಿದಿದ್ದ. ನರವನ್ನು ಸೂಜಿಯಿಂದ ಚುಚ್ಚಿದರೆ ಸೆಟೆತ ಬರುತ್ತದೆ; ರಜ್ಜುವಿನಲ್ಲಿ ನರವಿದೆ; ಆದುದರಿಂದ ರಜ್ಜುವನ್ನು ಹೊಲಿಯಬಾರದು! ಅವನ ಮಾತನ್ನು ಪ್ರಮಾಣವೆಂದು ನಂಬಿದ ಯೂರೋಪಿನ ವೈದ್ಯರು ಶತಮಾನಗಳ ಕಾಲ ಹರಿದ ರಜ್ಜುವಿಗೆ ಸೂಜಿ ತಾಗಿಸಲು ಅಂಜಿದರು.

ನಮ್ಮ ಸುಶ್ರುತಸಂಹಿತೆಯಲ್ಲಿಯೂ ಇಂಥದೇ ಭಯ ಕಾಣುತ್ತದೆ. ದೇಹದಲ್ಲಿ 900 ಸ್ನಾಯುಗಳಿವೆಯೆಂದು ಎಣಿಸಿದ ಆ ಗ್ರಂಥಕಾರ, ಹಲಗೆಗಳನ್ನು ಹುರಿಗಳಿಂದ ಬಿಗಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ ಸ್ನಾಯುಗಳಿಂದ ಬಿಗಿದ ಶರೀರವೂ ಭಾರ ಹೊರುತ್ತದೆ ಎನ್ನುತ್ತಾನೆ. ಎಂಥ ಸೊಗಸಾದ ಹೋಲಿಕೆ! ಎಲುಬಿಗೆ, ಮಾಂಸಕ್ಕೆ, ಸಂಧಿಗೆ ಬಿದ್ದ ಪೆಟ್ಟಿಗಿಂತ ಸ್ನಾಯುವಿಗೆ ಬಿದ್ದ ಪೆಟ್ಟು ಹೆಚ್ಚು ಮಾರಕವೆಂದೂ ಅವನೇ ಎಚ್ಚರಿಸುತ್ತಾನೆ. ಸುಶ್ರುತನ ‘ಸ್ನಾಯು’ ಎಂದರೆ ಕಟ್ಟುವ ಹುರಿ. ಇಂದಿನ ಕನ್ನಡದಲ್ಲಿ ಅದೇ ಪದಕ್ಕೆ ಮಾಂಸಖಂಡವೆಂಬ ಅರ್ಥ ಬಂದಿದೆ. ಹುರಿಗಾಗಿ ಅದಕ್ಕೆ ‘ರಜ್ಜು’ವನ್ನು ಸೇರಿಸಿಕೊಳ್ಳಬೇಕಾಯಿತು. ಪದಗಳೂ ಹೀಗೆ ಉಳುಕುತ್ತವೆ.

ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪನೆಯ ಹುರಿಗೆ ಅಕಿಲಿಸನ ರಜ್ಜು ಎಂದು ಹೆಸರು. ದುರ್ಯೋಧನನಿಗೆ ತೊಡೆ ಹೇಗೋ, ಗ್ರೀಕ್ ವೀರ ಅಕಿಲಿಸನಿಗೆ ಹಿಮ್ಮಡಿ ಹಾಗೆ. ತಾಯಿ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಾಗ ಅವಳ ಕೈ ಹಿಡಿದಿದ್ದ ಜಾಗವೊಂದು ನೆನೆಯದೆ ಉಳಿಯಿತಂತೆ. ಈ ಕಥೆ ಹೋಮರನಲ್ಲಿ ಇಲ್ಲ; ಎಷ್ಟೋ ಶತಮಾನಗಳ ಅನಂತರದ ರೋಮನ್ ಕವಿ ಸ್ಟೇಷಿಯಸನಲ್ಲಿ ಇದೆ. ಅದನ್ನು ಅಂಗರಚನಾಶಾಸ್ತ್ರಕ್ಕೆ ತಂದ ಕೀರ್ತಿಯನ್ನು ಫ್ಲಾಂಡರ್ಸಿನ ಫಿಲಿಪ್ ವರ್ಹಾಯೆನನಿಗೆ ಕೊಡುವುದು ವಾಡಿಕೆ. ರೈತನ ಮಗನಾದ ಈತ ಪಾದ್ರಿಯಾಗಲು ಓದುತ್ತಿದ್ದಾಗ ರೋಗದಿಂದ ಒಂದು ಕಾಲನ್ನು ಕಳೆದುಕೊಂಡ. ಆಮೇಲೆ ವೈದ್ಯವಿದ್ಯೆಗೆ ತಿರುಗಿ, 1693ರಲ್ಲಿ ಶರೀರರಚನೆಯ ಗ್ರಂಥವನ್ನು ಪ್ರಕಟಿಸಿದ. ಕತ್ತರಿಸಿದ ತನ್ನ ಕಾಲನ್ನೇ ಅವನು ಬಿಡಿಸಿ ನೋಡಿದನೆಂಬ ದಂತಕಥೆ ಬಹಳ ಪ್ರಸಿದ್ಧ. ನಂಬಲು ಆಧಾರ ಸಾಲದು.

ಹದಿನೆಂಟನೆಯ ಶತಮಾನದಲ್ಲಿ ಭಯದ ಜಾಗಕ್ಕೆ ಪರೀಕ್ಷೆ ಬಂತು. 1722ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಜಾನ್ ಲೂಯಿ ಪೆತಿ, ಲಾಗ ಹಾಕುವ ಆಟಗಾರನೊಬ್ಬನ ಎರಡು ಹಿಮ್ಮಡಿಗಳ ರಜ್ಜುಗಳೂ ಹರಿದ ಪ್ರಸಂಗವನ್ನು ವರ್ಣಿಸಿದ. 1767ರಲ್ಲಿ ಲಂಡನ್ನಿನ ಮಹಾ ಶಸ್ತ್ರವೈದ್ಯ ಜಾನ್ ಹಂಟರನ ರಜ್ಜುವೇ ಹರಿಯಿತು. ಆತ ನರ್ತನ ಮಾಡುತ್ತಿದ್ದನೆಂದು ಹೇಳುತ್ತಾರೆ. ಅವನು ಹೊಲಿಗೆಯ ಗೊಡವೆಗೆ ಹೋಗಲಿಲ್ಲ. ಹಿಮ್ಮಡಿ ಎತ್ತಿ ಕಟ್ಟಿಕೊಂಡು ನಡೆದಾಡಿದ. ಅಷ್ಟಕ್ಕೇ ನಿಲ್ಲದೆ, ನಾಯಿಗಳ ರಜ್ಜುವನ್ನು ಚರ್ಮದೊಳಗಿನಿಂದಲೇ ಸೂಜಿಯಿಂದ ಕೊಯ್ದು, ಬೇರೆ ಬೇರೆ ಅವಧಿಗಳ ಬಳಿಕ ತೆರೆದು ನೋಡಿದ. ಮುರಿದ ಮೂಳೆ ಕೂಡಿಕೊಳ್ಳುವಂತೆ ಹರಿದ ರಜ್ಜುವೂ ಕೂಡಿಕೊಳ್ಳುತ್ತದೆಂಬುದು ಅವನಿಗೆ ಕಂಡಿತು. ಮುಟ್ಟಿದರೆ ಸಾವು ಎಂಬ ಹಳೆಯ ಹೆದರಿಕೆಯ ಬುಡ ಅಲ್ಲಿ ಅಲ್ಲಾಡಿತು.

ಆದರೆ ಒಂದು ತಪ್ಪು ತಿಳಿವಳಿಕೆ ಹೋಗುವಷ್ಟರಲ್ಲಿ ಇನ್ನೊಂದು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಟಗಳು ಪಟ್ಟಣಿಗರ ದಿನಚರಿಗೆ ಸೇರಿದವು. ಹರಿಯದೆಯೂ ತಿಂಗಳುಗಟ್ಟಲೆ ನೋಯುವ ರಜ್ಜುಗಳು ವೈದ್ಯರ ಮುಂದೆ ಬಂದವು. ‘ಟೆನಿಸ್ ಮೊಣಕೈ’ ಎಂಬ ಹೆಸರು ಇಂಗ್ಲೆಂಡಿನಲ್ಲಿ 1880ರ ದಶಕದ ಆದಿಯಲ್ಲಿ ಹುಟ್ಟಿತು. ತಮಾಷೆಯೆಂದರೆ, ಅದಕ್ಕೂ ಮೊದಲು 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯ ಇದೇ ನೋವನ್ನು ಬರೆಯುವವರ ಕೈಯಲ್ಲಿ ಗುರುತಿಸಿದ್ದ. ನಮ್ಮ ದೇಶದಲ್ಲಿ ಈ ಹೆಸರು ಮನೆಮಾತಾದದ್ದು 2004ರಲ್ಲಿ, ಸಚಿನ್ ತೆಂಡೂಲ್ಕರ್ ಇದರಿಂದ ಆಟ ತಪ್ಪಿಸಿಕೊಂಡಾಗ. ಮರುವರ್ಷ ಅವರು ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ಇಂಥ ನೋವುಗಳಿಗೆಲ್ಲ ವೈದ್ಯರು ಇಟ್ಟ ಹೆಸರು ‘ಟೆಂಡಿನೈಟಿಸ್’. ಕೊನೆಯ ‘ಐಟಿಸ್’ ಎಂಬ ಗ್ರೀಕ್ ಪ್ರತ್ಯಯಕ್ಕೆ ವೈದ್ಯರ ರೂಢಿಯಲ್ಲಿ ಉರಿಯೂತವೆಂದು ಅರ್ಥ. ಹೆಸರು ಬಂದ ಮೇಲೆ ಮದ್ದು ತಾನಾಗಿಯೇ ಬಂತು: ಉರಿಯೂತವಾದರೆ ಅದನ್ನು ಆರಿಸಬೇಕು; ಆದುದರಿಂದ ವಿಶ್ರಾಂತಿ, ಮಂಜುಗಡ್ಡೆ, ಗುಳಿಗೆ, ಕೊನೆಗೆ ಸ್ಟೆರಾಯ್ಡ್ ಚುಚ್ಚುಮದ್ದು. ಪ್ರತ್ಯಯವೊಂದು ಇಷ್ಟು ಕೆಲಸ ಮಾಡಿದ್ದನ್ನು ನಮ್ಮ ವ್ಯಾಕರಣಗಳಲ್ಲಿ ನಾನು ಕಾಣೆ.

ಸೂಕ್ಷ್ಮದರ್ಶಕ ಬೇರೆಯೇ ಕಥೆ ಹೇಳಿತು. 1976ರಲ್ಲಿ ಇಟಲಿಯ ಪುದ್ದು ಮತ್ತು ಸಂಗಡಿಗರು, ಉರಿಯೂತವಿಲ್ಲದೆಯೇ ರಜ್ಜು ಒಳಗಿಂದೊಳಗೆ ಜೀರ್ಣವಾಗುವ ಸ್ಥಿತಿಯುಂಟೆಂದು ತೋರಿಸಿ, ಅದನ್ನು ‘ಟೆಂಡಿನೋಸಿಸ್’ ಎಂದು ಕರೆದರು. 1991ರಲ್ಲಿ ಫಿನ್ಲೆಂಡಿನ ಕಾನ್ನುಸ್ ಮತ್ತು ಹಂಗೆರಿಯ ಯೋಝಾ, ತಾನಾಗಿ ಹರಿದ 891 ರಜ್ಜುಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವುಗಳಲ್ಲಿ ಆರೋಗ್ಯವಾಗಿದ್ದ ರಜ್ಜು ಒಂದೂ ಇರಲಿಲ್ಲ. 97 ಶೇಕಡ ರಜ್ಜುಗಳಲ್ಲಿ ಎಳೆಗಳು ಹರಿಯುವುದಕ್ಕೆ ಮೊದಲೇ ಸವೆದುಹೋಗಿದ್ದವು. ಹೋಲಿಕೆಗೆಂದು ನೋಡಿದ ಹರಿಯದ ರಜ್ಜುಗಳಲ್ಲಾದರೋ ಮೂರರಲ್ಲಿ ಎರಡು ಪಾಲು ಆರೋಗ್ಯವಾಗಿದ್ದವು. ಎಂದರೆ, ‘ಇದ್ದಕ್ಕಿದ್ದಂತೆ ಹರಿಯಿತು’ ಎಂಬ ಮಾತು ಬಹುಮಟ್ಟಿಗೆ ಸುಳ್ಳು. ಬಾವಿಯ ಹಗ್ಗ ಹರಿಯುವುದು ಒಂದು ದಿನ, ಸವೆಯುವುದು ದಿನದಿನವೂ. 1998ರಲ್ಲಿ ಮಫುಲ್ಲಿ ಮತ್ತು ಜೊತೆಯವರು ‘ಐಟಿಸ್’ ಎಂಬ ಹೆಸರನ್ನೇ ಬಿಡಬೇಕೆಂದು ವಾದಿಸಿದರು. ಉರಿಯೂತದ ಪಾತ್ರ ಸ್ವಲ್ಪಮಟ್ಟಿಗೆ ಇದ್ದೇ ಇದೆಯೆಂದು ಅನಂತರದ ಸಂಶೋಧಕರು ತಿದ್ದಿದ್ದುಂಟು. ಆದರೆ ಅದೊಂದೇ ಕಾರಣವೆಂಬ ನಂಬಿಕೆ ಮರಳಿ ಬರಲಿಲ್ಲ. ಸ್ಟೆರಾಯ್ಡ್ ಚುಚ್ಚುಮದ್ದು ಕೆಲವು ವಾರ ಸುಖ ಕೊಟ್ಟರೂ ಟೆನಿಸ್ ಮೊಣಕೈಯಂಥ ನೋವಿನಲ್ಲಿ ತಿಂಗಳುಗಳ ಮೇಲೆ ಫಲ ಕೆಡುತ್ತದೆಂದು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಮೀಕ್ಷೆಯೊಂದು ತಿಳಿಸಿತು.

ಹಾಗಾದರೆ ಮದ್ದೇನು? ಅದು ಸಿಕ್ಕಿದ ರೀತಿ ವಿಚಿತ್ರವಾದುದು. ಸ್ವೀಡನ್ನಿನ ಊಮಿಯೊ ನಗರದ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್ ತಾವೇ ಹಿಮ್ಮಡಿಯ ನೋವಿನಿಂದ ಬಳಲುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಮೇಲಧಿಕಾರಿ ಒಪ್ಪಲಿಲ್ಲ. ರಜ್ಜು ಪೂರ್ತಿ ಹರಿದರೆ ಒಪ್ಪಲೇಬೇಕಾದೀತೆಂದು ಇವರು ಮೆಟ್ಟಿಲಿನ ಅಂಚಿನಲ್ಲಿ ನಿಂತು, ಭಾರ ಹೊತ್ತು, ಹಿಮ್ಮಡಿಯನ್ನು ಕೆಳಕ್ಕೆ ಇಳಿಸುತ್ತ ನೋವಿನ ಮೇಲೆ ನೋವು ಮಾಡಿಕೊಂಡರು. ರಜ್ಜು ಹರಿಯಲಿಲ್ಲ, ನೋವು ಹೋಯಿತು! 1998ರಲ್ಲಿ ಅವರು ಓಟದ ಹವ್ಯಾಸದ 15 ಮಂದಿಯ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು: ದಿನಕ್ಕೆ 180 ಸಲ, 12 ವಾರ. ಹದಿನೈದು ಮಂದಿಯೂ ಮತ್ತೆ ಓಡಿದರು. ಎಲ್ಲರಿಗೂ ಇದರಿಂದ ಗುಣವಾಗುವುದಿಲ್ಲವೆಂದು ಆಮೇಲೆ ತಿಳಿಯಿತು. ನಿಧಾನವಾಗಿ ಹೆಚ್ಚು ಭಾರ ಎತ್ತುವ ಕ್ರಮವೂ ಅಷ್ಟೇ ಫಲ ಕೊಡುತ್ತದೆಂದು 2015ರಲ್ಲಿ ಡೆನ್ಮಾರ್ಕಿನವರು ತೋರಿಸಿದರು. ಮೂಲತತ್ತ್ವವಂತೂ ನಿಂತಿತು: ಅಳತೆಯರಿತು ಹೊರಿಸಿದ ಭಾರವೇ ರಜ್ಜುವಿಗೆ ಮದ್ದು.

ಇದು ನನಗೆ ಪುಸ್ತಕದ ಮಾತಾಗಿ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಉದ್ದಜಿಗಿತದ ಹುಡುಗನೊಬ್ಬನಿದ್ದ. ಹಿಮ್ಮಡಿ ನೋಯುತ್ತದೆಂದಾಗ ಮೂರು ತಿಂಗಳು ಕಾಲು ಅಲ್ಲಾಡಿಸಬೇಡವೆಂದು ಯಾರೋ ಹೇಳಿದರು. ನೋವು ಹೋಯಿತು. ಹುಡುಗ ಮೈದಾನಕ್ಕೆ ಹೋದ ಮೊದಲ ವಾರವೇ ಹಿಂದಿನಷ್ಟು ಹಾರಿದ, ನೋವು ಮರಳಿತು. ಮತ್ತೆ ವಿಶ್ರಾಂತಿ, ಮತ್ತೆ ಹಾರಾಟ, ಮತ್ತೆ ನೋವು. ಮೂರನೆಯ ಸಲಕ್ಕೆ ಅವನು ಬೂಟನ್ನು ತಮ್ಮನಿಗೆ ಕೊಟ್ಟುಬಿಟ್ಟ. ವಿಶ್ರಾಂತಿಯಲ್ಲಿ ನೋವಿನೊಡನೆ ರಜ್ಜುವಿನ ಕಸುವೂ ಇಳಿಯುತ್ತದೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಓಡುವಾಗ ಹಿಮ್ಮಡಿಯ ರಜ್ಜುವಿನ ಮೇಲೆ ದೇಹದ ತೂಕದ 12 ಪಟ್ಟಿನಷ್ಟು ಸೆಳೆತ ಬೀಳುವುದನ್ನು ಫಿನ್ಲೆಂಡಿನ ಪಾವೊ ಕೋಮಿ ಅಳೆದಿದ್ದಾರೆ. ಮಲಗಿದ್ದ ರಜ್ಜುವಿನ ಮೇಲೆ ಒಮ್ಮೆಲೇ ಅಂಥ ಸೆಳೆತ ಬಿದ್ದರೆ ಆಗುವುದೇನು? ಸಂಶೋಧಕರು ಎತ್ತಿ ಹೇಳುವ ಮುಖ್ಯ ಕಾರಣವೇ ಇದು: ಭಾರದ ಹಠಾತ್ ಏರಿಕೆ. ವಯಸ್ಸು, ಮಧುಮೇಹಗಳೂ ಜೊತೆ ಸೇರುತ್ತವೆ. ಸಿಪ್ರೊಫ್ಲಾಕ್ಸಸಿನ್ ವರ್ಗದ ಔಷಧಗಳಿಂದಲೂ ರಜ್ಜು ಹರಿಯಬಹುದೆಂದು 2008ರಲ್ಲಿ ಅಮೆರಿಕ ಸರಕಾರ ಕಟ್ಟೆಚ್ಚರಿಕೆ ಕೊಟ್ಟಿತು.

ದೊಡ್ಡವರನ್ನೂ ರಜ್ಜು ಬಿಟ್ಟಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 110 ಮೀಟರ್ ಹರ್ಡಲ್ಸ್ ಓಟವನ್ನು 12.91 ಸೆಕೆಂಡಿನಲ್ಲಿ ಗೆದ್ದ ಚೀಣದ ಲಿಯು ಶಿಯಾಂಗ್, 2008ರಲ್ಲಿ ತವರಿನ ಬೀಜಿಂಗ್ ಕ್ರೀಡಾಂಗಣದಿಂದ ಓಡದೆಯೇ ಹೊರನಡೆದರು. 2012ರಲ್ಲಿ ಲಂಡನ್ನಿನಲ್ಲಿ ಮೊದಲ ತಡೆಗೇ ಎಡವಿದರು. ಹಿಮ್ಮಡಿಯ ರಜ್ಜು ಹರಿಯಿತು. ಒಂಟಿಕಾಲಿನಲ್ಲಿ ಕುಂಟುತ್ತ ಸಾಗಿ ಕೊನೆಯ ತಡೆಯನ್ನು ಮುತ್ತಿಟ್ಟು ಹೋದರು.

ರಜ್ಜು ಇಷ್ಟು ನಿಧಾನವೇಕೆ? 1950ರ ದಶಕದ ನಡುವಿನಿಂದ 1963ರ ವರೆಗೆ ನಡೆದ ಅಣುಬಾಂಬಿನ ಪರೀಕ್ಷೆಗಳು ಗಾಳಿಯಲ್ಲಿ ಕಾರ್ಬನ್-14ರ ಅಂಶವನ್ನು ಬಹಳವಾಗಿ ಏರಿಸಿದ್ದವು. ಆಗ ಬೆಳೆಯುತ್ತಿದ್ದವರ ಮೈಯಲ್ಲಿ ಅದರ ಗುರುತು ಉಳಿದಿದೆ. 2013ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಈ ಗುರುತನ್ನು ಹಿಡಿದು ನೋಡಿದಾಗ, ಹಿಮ್ಮಡಿಯ ರಜ್ಜುವಿನ ತಿರುಳು ಸುಮಾರು ಹದಿನೇಳನೆಯ ವಯಸ್ಸಿಗೆ ಸಿದ್ಧವಾಗಿ, ಮುಂದೆ ಹೊಸತಾಗುವುದೇ ಇಲ್ಲವೆಂಬುದು ಹೊರಬಿತ್ತು. ಮಾಂಸಖಂಡ ಹೊಸತಾಗುತ್ತಲೇ ಇರುತ್ತದೆ. ಅದರ ಕಸುವು ಬೇಗ ಏರುತ್ತದೆ. ಹುರಿ ಹಿಂದೆ ಉಳಿಯುತ್ತದೆ. ಕ್ರೀಡಾಪಟುವಿನ ಸಂಕಟವೆಲ್ಲ ಈ ಅಂತರದಲ್ಲಿದೆ.

ಹದಿನೇಳಕ್ಕೆ ನೇಯ್ದ ಹುರಿಯಿಂದಲೇ ಎಪ್ಪತ್ತರ ವರೆಗೆ ನಡೆಯಬೇಕು. ಕಾಲೇಜಿಗೆ ನಮ್ಮ ಮಕ್ಕಳು ಬರುವುದು ಸರಿಯಾಗಿ ಆ ವಯಸ್ಸಿಗೆ. ಅವರನ್ನು ಓಡಿಸುವವರೂ ತಡೆದು ಕೂರಿಸುವವರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟರೆ ಎಷ್ಟೋ ಬೂಟುಗಳು ತಮ್ಮಂದಿರ ಪಾಲಾಗದೆ ಉಳಿದಾವು.