ಸಾವಿರ ಬೀಡಿಯ ಲೆಕ್ಕ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಅವ್ವ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಸುರಿದು, ಸುರುಳಿ ಸುತ್ತಿ ದಾರ ಬಿಗಿದರೆ ಒಂದು ಬೀಡಿ. ಕೂಲಿ ಸಾವಿರಕ್ಕಿಷ್ಟು; ಕೆಮ್ಮಿನ ಔಷಧಿ ಮಾತ್ರ ಸ್ವಂತ ರೊಕ್ಕದಲ್ಲಿ.

ಈ ಭಾರ ಹಂಚಲೆಂದೇ 1976ರಲ್ಲಿ ಸಂಸತ್ತು ಎರಡು ಕಾಯ್ದೆ ತಂದಿತು: ಒಂದು ಸೆಸ್ ಎತ್ತಲು, ಇನ್ನೊಂದು ಅದರಿಂದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ನಡೆಸಲು. ಮೊದಲು ತಂಬಾಕಿನ ಮೇಲಿದ್ದ ಸೆಸ್ ಆಮೇಲೆ ತಯಾರಾದ ಬೀಡಿಯ ಮೇಲೆ ಬಂತು. ದವಾಖಾನೆ, ಕ್ಷಯದ ಚಿಕಿತ್ಸೆ, ಮಕ್ಕಳ ವಿದ್ಯಾರ್ಥಿವೇತನ ಎಲ್ಲ ಅದರಿಂದಲೇ.

"ಸೇದಾವ್ರ ರೊಕ್ಕ, ನಮ್ಮ ಕೆಮ್ಮಿಗೆ" ಎಂದು ಅವ್ವ ನಗುತ್ತಿದ್ದಳು. ನನಗಂತೂ ಅದರಲ್ಲಿ ನ್ಯಾಯವೇ ಕಾಣುತ್ತದೆ.

ಆದರೆ ದವಾಖಾನೆಗೆ ಗುರುತಿನ ಚೀಟಿ ಬೇಕು, ಚೀಟಿಗೆ ಮಾಲೀಕನ ದಾಖಲೆ ಬೇಕು. ನಮ್ಮ ಗುತ್ತಿಗೆದಾರ ಅಜ್ಜಿಯ ಹೆಸರಿನ ಪುಸ್ತಕದಲ್ಲೇ ಅತ್ತೆ-ಸೊಸೆ ಇಬ್ಬರ ಬೀಡಿಯನ್ನೂ ಬರೆಯುತ್ತಿದ್ದ. ಅವ್ವ ಲೆಕ್ಕಕ್ಕೇ ಇಲ್ಲ! ಎಕ್ಸ್‌ರೇ ತೆಗೆಸಲು ಕಿವಿಯೋಲೆ ಒತ್ತೆಯಿಟ್ಟು ಮಿರಜಕ್ಕೆ ಹೋದಳು.

2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಬೀಡಿಗೆ ತೆರಿಗೆ ಇದ್ದೇ ಇದೆ, ಅದು ಒಟ್ಟು ಬೊಕ್ಕಸಕ್ಕೆ ಸೇರುತ್ತದೆ. ದವಾಖಾನೆಯ ಖರ್ಚಿಗೆ ಈಗ ವರ್ಷವರ್ಷವೂ ಬಜೆಟ್ಟಿನ ಮುಖ ನೋಡಬೇಕು.