ಚೆನ್ನೈನ ಕಲಾಕ್ಷೇತ್ರಕ್ಕೆ ಹಣ ಕೊಡೋದು ಯಾರು, ಲೆಕ್ಕ ಕೇಳೋದು ಯಾರು? ಆಡಳಿತ ನಡೆಯುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಚೆನ್ನೈ: ಭರತನಾಟ್ಯ ಕಲಿಯುವ ಮಕ್ಕಳಿರುವ ಮನೆಗಳಲ್ಲಿ 'ಕಲಾಕ್ಷೇತ್ರ' ಎಂಬ ಹೆಸರು ಕೇಳದವರು ಕಡಿಮೆ. ಬೆಂಗಳೂರು, ಮೈಸೂರು, ಮಂಗಳೂರಿನ ನೃತ್ಯ ಶಾಲೆಗಳಲ್ಲೂ 'ಕಲಾಕ್ಷೇತ್ರ ಶೈಲಿ' ಎಂಬ ಮಾತು ಸಾಮಾನ್ಯ. ಆದರೆ ಈ ಸಂಸ್ಥೆ ಯಾರ ಅಧೀನದಲ್ಲಿದೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ತಪ್ಪಾದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

2023ರ ಮಾರ್ಚ್‌ ಕೊನೆಯಲ್ಲಿ ಇಲ್ಲಿನ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ಆರೋಪ ಮಾಡಿ ಧರಣಿ ಕುಳಿತಾಗ ಈ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. ಇದು ತಮಿಳುನಾಡು ಸರ್ಕಾರದ ಸಂಸ್ಥೆಯೇ? ಖಾಸಗಿ ಟ್ರಸ್ಟ್ ಆಗಿದೆಯೇ? ಅಥವಾ ಕೇಂದ್ರದ್ದೇ? ಕಾನೂನು ಏನು ಹೇಳುತ್ತದೆ, ಹಣದ ವ್ಯವಸ್ಥೆ ಹೇಗಿದೆ ಎಂಬ ವಿವರ ಇಲ್ಲಿದೆ.

ಕಲಾಕ್ಷೇತ್ರ ಶುರುವಾಗಿದ್ದು ಹೇಗೆ?

ರುಕ್ಮಿಣಿ ದೇವಿ ಅರುಂಡೇಲ್ ಹಾಗೂ ಅವರ ಪತಿ ಜಾರ್ಜ್ ಅರುಂಡೇಲ್ 1936ರ ಜನವರಿಯಲ್ಲಿ ಅಡ್ಯಾರ್‌ನ ಥಿಯೊಸಾಫಿಕಲ್ ಸೊಸೈಟಿ ಆವರಣದಲ್ಲಿ ಈ ಸಂಸ್ಥೆ ಆರಂಭಿಸಿದರು. ಮೊದಲು ಅಂತಾರಾಷ್ಟ್ರೀಯ ಕಲಾ ಅಕಾಡೆಮಿ ಎಂಬ ಹೆಸರಿತ್ತು. ಕಲಾಕ್ಷೇತ್ರ ಎಂಬ ಹೆಸರು ಬಂದಿದ್ದು ನಂತರ. 1962ರಲ್ಲಿ ಸಂಸ್ಥೆ ತಿರುವಾನ್ಮಿಯೂರಿನ ಸಮುದ್ರ ತೀರದ ಬಳಿಯ ಸುಮಾರು 100 ಎಕರೆ ಜಾಗಕ್ಕೆ ಸ್ಥಳಾಂತರವಾಯಿತು.

ಇಂದು ಇದರ ಅಡಿಯಲ್ಲಿ ರುಕ್ಮಿಣಿ ದೇವಿ ಲಲಿತಕಲಾ ಕಾಲೇಜು, ಎರಡು ಶಾಲೆಗಳು ಹಾಗೂ ಕೈಮಗ್ಗ ಮತ್ತು ಕಲಂಕಾರಿ ಘಟಕಗಳಿರುವ ಕರಕುಶಲ ಕೇಂದ್ರ ಇವೆ. ಕಾಲೇಜಿನಲ್ಲಿ ಭರತನಾಟ್ಯ, ಕರ್ನಾಟಕ ಸಂಗೀತ ಮತ್ತು ದೃಶ್ಯಕಲೆಗಳಲ್ಲಿ ನಾಲ್ಕು ವರ್ಷದ ಡಿಪ್ಲೊಮಾ ಕೋರ್ಸ್‌ಗಳಿವೆ.

ಕನ್ನಡಿಗರ ನಂಟು

ಕಲಾಕ್ಷೇತ್ರಕ್ಕೂ ಕರ್ನಾಟಕಕ್ಕೂ ಹಳೆಯ ಸಂಬಂಧವಿದೆ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಮೈಸೂರು ವಾಸುದೇವಾಚಾರ್ಯರು ರುಕ್ಮಿಣಿ ದೇವಿಯವರ ಆಹ್ವಾನದ ಮೇರೆಗೆ ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು ಪಾಠ ಹೇಳಿದರು. ಕಲಾಕ್ಷೇತ್ರದ ಪ್ರಸಿದ್ಧ ರಾಮಾಯಣ ನೃತ್ಯನಾಟಕ ಸರಣಿಗೆ ಸಂಗೀತ ಸಂಯೋಜಿಸಿದವರೂ ಅವರೇ. 1961ರಲ್ಲಿ ಅವರು ನಿಧನರಾದ ಬಳಿಕ ಮೊಮ್ಮಗ ಎಸ್. ರಾಜಾರಾಂ ಆ ಕೆಲಸ ಮುಂದುವರಿಸಿದರು. ಮುಂದೆ ರಾಜಾರಾಂ ಸಂಸ್ಥೆಯ ನಿರ್ದೇಶಕರೂ ಆದರು. ಕಲಂಕಾರಿ ಘಟಕ ಆರಂಭವಾಗಲು ನೆರವಾದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಕೇಂದ್ರ ಸರ್ಕಾರ ವಹಿಸಿಕೊಂಡಿದ್ದು ಏಕೆ?

ರುಕ್ಮಿಣಿ ದೇವಿ ಬದುಕಿರುವವರೆಗೆ ಸಂಸ್ಥೆಯ ದೊಡ್ಡ ತೀರ್ಮಾನಗಳು ಅವರ ಸುತ್ತಲೇ ನಡೆಯುತ್ತಿದ್ದವು. 1986ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ನಂತರ ಟ್ರಸ್ಟ್‌ನ ಆಡಳಿತದಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಕೊನೆಗೆ ಸಂಸತ್ತು 'ಕಲಾಕ್ಷೇತ್ರ ಪ್ರತಿಷ್ಠಾನ ಕಾಯ್ದೆ, 1993' ಅನ್ನು ಅಂಗೀಕರಿಸಿತು. 1994ರ 6ನೇ ಕಾಯ್ದೆಯಾಗಿ ಅದು ಜಾರಿಗೆ ಬಂತು.

ಈ ಕಾಯ್ದೆ ಕಲಾಕ್ಷೇತ್ರವನ್ನು 'ರಾಷ್ಟ್ರೀಯ ಮಹತ್ವದ ಸಂಸ್ಥೆ' ಎಂದು ಘೋಷಿಸಿತು. ಇದು ಬರೀ ಗೌರವದ ಬಿರುದಲ್ಲ. ಸಂವಿಧಾನದ ಪ್ರಕಾರ, ಕೇಂದ್ರದ ಹಣ ಪಡೆಯುವ ಇಂತಹ ಸಂಸ್ಥೆಯನ್ನು ಸಂಸತ್ತು ರಾಷ್ಟ್ರೀಯ ಮಹತ್ವದ್ದು ಎಂದು ಘೋಷಿಸಿದರೆ ಅದು ಕೇಂದ್ರ ಪಟ್ಟಿಯ ವಿಷಯವಾಗುತ್ತದೆ. ಹಾಗಾಗಿ ಕಲಾಕ್ಷೇತ್ರ ಚೆನ್ನೈನಲ್ಲಿದ್ದರೂ ಅದರ ಆಡಳಿತದ ಕೊನೆಯ ಮಾತು ದೆಹಲಿಯ ಸಂಸ್ಕೃತಿ ಸಚಿವಾಲಯದ್ದು. ಕ್ಯಾಂಪಸ್‌ನಲ್ಲಿ ಅಪರಾಧ ನಡೆದರೆ ತನಿಖೆ ಮಾಡುವುದು ಮಾತ್ರ ತಮಿಳುನಾಡು ಪೊಲೀಸರ ಕೆಲಸ.

ಆಡಳಿತ ನಡೆಸುವವರು ಯಾರು?

ಕಾಯ್ದೆ ಮುಖ್ಯವಾಗಿ ಮೂರು ಪ್ರಾಧಿಕಾರಗಳನ್ನು ಹೆಸರಿಸುತ್ತದೆ.

* ಆಡಳಿತ ಮಂಡಳಿ: ಸಂಸ್ಥೆಯ ಒಟ್ಟಾರೆ ಉಸ್ತುವಾರಿ ಇದರದ್ದು. ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನಾಮನಿರ್ದೇಶನ ಮಾಡುತ್ತದೆ. ಕಲಾವಿದರು, ಕಲಾಪೋಷಕರು, ಕೇಂದ್ರದ ಅಧಿಕಾರಿಗಳು ಮತ್ತು ತಮಿಳುನಾಡು ಸರ್ಕಾರದ ಪ್ರತಿನಿಧಿ ಸದಸ್ಯರಾಗಿರುತ್ತಾರೆ. ಗೋಪಾಲಕೃಷ್ಣ ಗಾಂಧಿ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎನ್. ಗೋಪಾಲಸ್ವಾಮಿ, ಟಿಸಿಎಸ್ ಮಾಜಿ ಮುಖ್ಯಸ್ಥ ಎಸ್. ರಾಮದೊರೈ ಮೊದಲಾದವರು ಅಧ್ಯಕ್ಷರಾಗಿದ್ದರು.

* ಶೈಕ್ಷಣಿಕ ಸಮಿತಿ: ಕೋರ್ಸ್, ಪಠ್ಯಕ್ರಮ, ತರಬೇತಿ ಮತ್ತು ಪರೀಕ್ಷೆಯ ಗುಣಮಟ್ಟ ನೋಡಿಕೊಳ್ಳುತ್ತದೆ.

* ಹಣಕಾಸು ಸಮಿತಿ: ಬಜೆಟ್ ಮತ್ತು ಖರ್ಚಿನ ಪ್ರಸ್ತಾವಗಳನ್ನು ಪರಿಶೀಲಿಸಿ ಮಂಡಳಿಗೆ ಶಿಫಾರಸು ಮಾಡುತ್ತದೆ.

ದಿನನಿತ್ಯದ ಆಡಳಿತ ನಿರ್ದೇಶಕರ ಕೈಯಲ್ಲಿರುತ್ತದೆ. ಅವರ ನೇಮಕವೂ ಕೇಂದ್ರದಿಂದಲೇ ಆಗುತ್ತದೆ. ಸಾಮಾನ್ಯವಾಗಿ ಈ ಹುದ್ದೆಗೆ ಬರುವವರು ಹೆಸರಾಂತ ಕಲಾವಿದರು. ವೇದಿಕೆಯ ಮೇಲೆ ದಶಕಗಳ ಅನುಭವ ಇರುವವರು ಇಲ್ಲಿ ಟೆಂಡರ್, ನೇಮಕಾತಿ ಮತ್ತು ಆಡಿಟ್ ಆಕ್ಷೇಪಣೆಗಳ ಕಡತಗಳನ್ನೂ ನೋಡಬೇಕಾಗುತ್ತದೆ.

ಹಣ ಎಲ್ಲಿಂದ ಬರುತ್ತದೆ?

ದೊಡ್ಡ ಪಾಲು ಸಂಸ್ಕೃತಿ ಸಚಿವಾಲಯದ ಅನುದಾನ. ಸಂಸತ್ತು ಬಜೆಟ್‌ನಲ್ಲಿ ಒಪ್ಪಿಗೆ ಕೊಟ್ಟ ಮೊತ್ತದಿಂದ ಇದು ಬಿಡುಗಡೆಯಾಗುತ್ತದೆ. ಕೇಂದ್ರದ ಸ್ವಾಯತ್ತ ಸಂಸ್ಥೆಗಳಿಗೆ ಅನುದಾನ ಸಾಮಾನ್ಯವಾಗಿ ಮೂರು ಬಾಬ್ತುಗಳಲ್ಲಿ ಬರುತ್ತದೆ: ಸಂಬಳ, ಸಾಮಾನ್ಯ ಖರ್ಚು ಹಾಗೂ ಕಟ್ಟಡದಂತಹ ಆಸ್ತಿ ನಿರ್ಮಾಣ. ಹಣ ಬಳಸಿದ ಮೇಲೆ 'ಬಳಕೆ ಪ್ರಮಾಣಪತ್ರ' ಸಲ್ಲಿಸಬೇಕು.

ಇದಲ್ಲದೆ ವಿದ್ಯಾರ್ಥಿಗಳ ಶುಲ್ಕ, ಕಾರ್ಯಕ್ರಮಗಳ ಟಿಕೆಟ್, ಸಭಾಂಗಣದ ಬಾಡಿಗೆ, ಸೀರೆ ಮತ್ತು ಕರಕುಶಲ ವಸ್ತುಗಳ ಮಾರಾಟ, ದೇಣಿಗೆಗಳಿಂದಲೂ ಆದಾಯ ಬರುತ್ತದೆ.

ಲೆಕ್ಕ ಕೇಳುವವರು ಯಾರು?

ಕಲಾಕ್ಷೇತ್ರದ ಲೆಕ್ಕಪತ್ರವನ್ನು ಭಾರತದ ಮಹಾಲೇಖಪಾಲರು, ಅಂದರೆ ಸಿಎಜಿ, ಆಡಿಟ್ ಮಾಡುತ್ತಾರೆ. ಆಡಿಟ್ ವರದಿ ಕೇಂದ್ರ ಸರ್ಕಾರಕ್ಕೆ ಹೋಗಿ, ಅಲ್ಲಿಂದ ಲೋಕಸಭೆ ಮತ್ತು ರಾಜ್ಯಸಭೆಯಲ್ಲಿ ಮಂಡನೆಯಾಗಬೇಕು. ವಾರ್ಷಿಕ ವರದಿಗೂ ಇದೇ ದಾರಿ. ಕಾಯ್ದೆಯಿಂದ ರಚನೆಯಾದ ಸಂಸ್ಥೆಯಾದ್ದರಿಂದ ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೂತಂಬಲಂ ಸಭಾಂಗಣದ ನವೀಕರಣ ಒಂದು ಉದಾಹರಣೆ. ಮುಕ್ತ ಟೆಂಡರ್ ಕರೆಯದೆ ಸಲಹಾ ಸಂಸ್ಥೆಗೆ ನೇರವಾಗಿ ಕೆಲಸ ಕೊಡಲಾಗಿದೆ ಎಂಬ ಆಕ್ಷೇಪ ಆಡಿಟ್‌ನಲ್ಲಿ ಬಂತು. ಬಳಿಕ ಸಂಸ್ಕೃತಿ ಸಚಿವಾಲಯದ ಜಾಗೃತ ವಿಭಾಗದ ದೂರಿನ ಮೇಲೆ, 7.02 ಕೋಟಿ ರೂಪಾಯಿ ಖರ್ಚಿನ ಈ ಕಾಮಗಾರಿಗೆ ಸಂಬಂಧಿಸಿ ಸಿಬಿಐ 2019ರ ಡಿಸೆಂಬರ್‌ನಲ್ಲಿ ಪ್ರಕರಣ ದಾಖಲಿಸಿತು. ಹಿಂದಿನ ನಿರ್ದೇಶಕರು ಹಾಗೂ ಕೆಲ ಅಧಿಕಾರಿಗಳ ಹೆಸರು ಎಫ್‌ಐಆರ್‌ನಲ್ಲಿತ್ತು. ಎಫ್‌ಐಆರ್ ದಾಖಲಾದ ಮಾತ್ರಕ್ಕೆ ತಪ್ಪು ಸಾಬೀತಾದಂತಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಣದ ವಿಷಯದಲ್ಲಿ ಪ್ರಶ್ನೆ ಕೇಳಲು ಹಣಕಾಸು ಸಮಿತಿ, ಮಂಡಳಿ, ಸಚಿವಾಲಯ, ಸಿಎಜಿ, ಸಂಸತ್ತು ಹೀಗೆ ಐದು ಮೆಟ್ಟಿಲುಗಳಿವೆ. ತಡವಾದರೂ ಯಾವುದೋ ಒಂದು ಮೆಟ್ಟಿಲಲ್ಲಿ ಪ್ರಶ್ನೆ ಏಳುತ್ತದೆ.

2023ರಲ್ಲಿ ಕಂಡ ಕೊರತೆ ಏನು?

ಆದರೆ ತರಗತಿಯಲ್ಲಿರುವ ವಿದ್ಯಾರ್ಥಿಯ ದೂರಿಗೆ ಇಷ್ಟು ಮೆಟ್ಟಿಲುಗಳಿಲ್ಲ. 2023ರ ಮಾರ್ಚ್ 30ರಂದು ವಿದ್ಯಾರ್ಥಿಗಳು ಧರಣಿ ಕುಳಿತಾಗ ಅವರ ಮುಖ್ಯ ಆಕ್ಷೇಪ, ಸಂಸ್ಥೆಯ ಒಳಗೆ ಹೇಳಿಕೊಂಡರೂ ಯಾರೂ ಕೇಳುತ್ತಿಲ್ಲ ಎಂಬುದಾಗಿತ್ತು. ಕಾಲೇಜನ್ನು ಕೆಲ ದಿನ ಮುಚ್ಚಲಾಯಿತು. ಮರುದಿನ ತಮಿಳುನಾಡು ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ಕ್ಯಾಂಪಸ್‌ಗೆ ಬಂದು ವಿದ್ಯಾರ್ಥಿಗಳ ಮಾತು ಕೇಳಿದರು. ವಿಧಾನಸಭೆಯಲ್ಲೂ ವಿಷಯ ಪ್ರಸ್ತಾಪವಾಯಿತು. ಏಪ್ರಿಲ್ ಮೊದಲ ವಾರದಲ್ಲಿ ಪೊಲೀಸರು ಸಹಾಯಕ ಪ್ರಾಧ್ಯಾಪಕರೊಬ್ಬರನ್ನು ಬಂಧಿಸಿದರು.

ಆ ಬಳಿಕ ಆಡಳಿತ ಮಂಡಳಿ ಪ್ರಾಧ್ಯಾಪಕರನ್ನು ಅಮಾನತು ಮಾಡಿ, ಆರೋಪ ಕೇಳಿಬಂದ ಮೂವರು ಕಲಾವಿದರ ಸೇವೆ ಕೊನೆಗೊಳಿಸಿತು. ನಿವೃತ್ತ ನ್ಯಾಯಮೂರ್ತಿ ಕೆ. ಕಣ್ಣನ್ ನೇತೃತ್ವದಲ್ಲಿ ಸ್ವತಂತ್ರ ತನಿಖಾ ಸಮಿತಿಯನ್ನೂ ರಚಿಸಿತು. ವಿದ್ಯಾರ್ಥಿನಿಯರು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿ, ತಮಗೂ ಪ್ರಾತಿನಿಧ್ಯ ಇರುವ ಆಂತರಿಕ ದೂರು ಸಮಿತಿ ಬೇಕೆಂದು ಕೋರಿದರು.

ವಿಶೇಷವೆಂದರೆ, 1993ರ ಕಾಯ್ದೆಯಲ್ಲೇ ಸಂಸ್ಥೆಯ ಉದ್ದೇಶಗಳ ಪಟ್ಟಿಯಲ್ಲಿ 'ಭಯವಿಲ್ಲದ ಶಿಕ್ಷಣ' ಎಂಬ ಆಶಯ ಸೇರಿದೆ. ಅದು ರುಕ್ಮಿಣಿ ದೇವಿ ಕಾಲದ ಧ್ಯೇಯ. ಆದರೆ ಖರ್ಚಿಗೆ ಆಡಿಟ್ ಇರುವಂತೆ ಈ ಉದ್ದೇಶ ಈಡೇರುತ್ತಿದೆಯೇ ಎಂದು ಪ್ರತಿ ವರ್ಷ ಪರೀಕ್ಷಿಸುವ ವ್ಯವಸ್ಥೆ ಇಲ್ಲ. ಗುರುವಿನ ಮಾತೇ ಅಂತಿಮ ಎಂಬ ರೂಢಿ ಇರುವ ಕಲಾ ಶಿಕ್ಷಣದಲ್ಲಿ ಈ ಕೊರತೆಯ ಪೆಟ್ಟು ಬೀಳುವುದು ವಿದ್ಯಾರ್ಥಿಗಳಿಗೆ. ಪಾತ್ರ, ಪ್ರವಾಸ, ಮುಂದಿನ ಅವಕಾಶ ಎಲ್ಲವೂ ಗುರುವಿನ ಕೈಯಲ್ಲೇ ಇರುತ್ತವೆ.

ಚೆನ್ನೈನ ಬೇರೆ ಸಂಸ್ಥೆಗಳ ಕಥೆ ಏನು?

ಎಲ್ಲ ಕಲಾ ಸಂಸ್ಥೆಗಳೂ ಕಲಾಕ್ಷೇತ್ರದಂತಿಲ್ಲ. 1928ರಲ್ಲಿ ಆರಂಭವಾದ ಮ್ಯೂಸಿಕ್ ಅಕಾಡೆಮಿ ಸದಸ್ಯರಿಂದ ನಡೆಯುವ ಖಾಸಗಿ ಸಂಸ್ಥೆ. ಸದಸ್ಯತ್ವ, ಟಿಕೆಟ್, ಪ್ರಾಯೋಜಕರು ಮತ್ತು ದತ್ತಿ ನಿಧಿಗಳೇ ಅದರ ಬಲ. 2024ರಲ್ಲಿ ಟಿ.ಎಂ. ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಘೋಷಣೆಯಾದಾಗ ಕೆಲ ಕಲಾವಿದರು ಪ್ರತಿಭಟಿಸಿ ಡಿಸೆಂಬರ್ ಕಛೇರಿಗಳಿಂದ ಹಿಂದೆ ಸರಿದಿದ್ದರು. ಆದರೆ ಆಯ್ಕೆ ಅಕಾಡೆಮಿಯ ಕಾರ್ಯಕಾರಿ ಸಮಿತಿಯದ್ದು, ಸರ್ಕಾರಕ್ಕೆ ಅದರಲ್ಲಿ ಪಾತ್ರವಿರಲಿಲ್ಲ.

ಇನ್ನು 1955ರಲ್ಲಿ ಶುರುವಾದ ತಮಿಳುನಾಡು ಇಯಲ್ ಇಸೈ ನಾಟಕ ಮಂಡ್ರಂ ರಾಜ್ಯ ಸರ್ಕಾರದ ಸಂಸ್ಥೆ. 'ಕಲೈಮಾಮಣಿ' ಪ್ರಶಸ್ತಿ ಕೊಡುವುದು ಇದೇ.

ಕರ್ನಾಟಕದಲ್ಲಿ ಸಂಗೀತ ನೃತ್ಯ ಅಕಾಡೆಮಿ, ನಾಟಕ ಅಕಾಡೆಮಿ ಮುಂತಾದವು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಡಿ ಬರುತ್ತವೆ. ಅಧ್ಯಕ್ಷರು, ಸದಸ್ಯರ ನೇಮಕ ರಾಜ್ಯ ಸರ್ಕಾರದ್ದು. ಸರ್ಕಾರ ಬದಲಾದಾಗ ಇವರೂ ಬದಲಾಗುವುದು ವಾಡಿಕೆ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದ ಮೇಲೆ ಅಕಾಡೆಮಿಗಳಿಗೆ ಹೊಸ ಅಧ್ಯಕ್ಷರು ಬಂದಿದ್ದು 2024ರಲ್ಲಿ. ಕಾಯ್ದೆಯ ಬಲ ಇರುವ ಕಲಾಕ್ಷೇತ್ರಕ್ಕೂ ನಮ್ಮ ಅಕಾಡೆಮಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಮಕ್ಕಳನ್ನು ಸೇರಿಸುವ ಮುನ್ನ ಏನು ನೋಡಬೇಕು?

ಕಲಾಕ್ಷೇತ್ರ ಇರಲಿ, ಬೇರೆ ಯಾವುದೇ ಕಲಾ ಶಾಲೆ ಇರಲಿ, ಪೋಷಕರು ಈ ಅಂಶಗಳನ್ನು ವಿಚಾರಿಸುವುದು ಒಳ್ಳೆಯದು.

* ಸಂಸ್ಥೆ ಯಾವ ಕಾಯ್ದೆ ಅಥವಾ ನೋಂದಣಿಯ ಅಡಿ ನಡೆಯುತ್ತಿದೆ? ಅದರ ಮೇಲಿನ ಪ್ರಾಧಿಕಾರ ಯಾವುದು?

* ಆಂತರಿಕ ದೂರು ಸಮಿತಿ ಇದೆಯೇ? 2013ರ ಕಾಯ್ದೆಯ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಕಡೆ ಇದು ಕಡ್ಡಾಯ. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದ್ದಾಗಿರಬೇಕು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಲೇಬೇಕು.

* ಸಮಿತಿ ಸದಸ್ಯರ ಹೆಸರು ಮಕ್ಕಳಿಗೆ ಕಾಣುವಂತೆ ಸೂಚನಾ ಫಲಕದಲ್ಲಿ ಹಾಕಿದ್ದಾರೆಯೇ?

* ಸರ್ಕಾರಿ ಹಣ ಪಡೆಯುವ ಸಂಸ್ಥೆಯಾದರೆ ವಾರ್ಷಿಕ ವರದಿ ಮತ್ತು ಲೆಕ್ಕಪತ್ರ ಸಿಗುತ್ತದೆಯೇ? ಆರ್‌ಟಿಐ ಅನ್ವಯವಾಗುವ ಕಡೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ ಕೇಳಬಹುದು.

ಸಂಸ್ಥೆಯ ಹೆಸರು ಎಷ್ಟೇ ದೊಡ್ಡದಿರಲಿ, ಈ ಪ್ರಶ್ನೆಗಳನ್ನು ಕೇಳಲು ಮುಜುಗರ ಬೇಡ. ಸೇರುವ ದಿನವೇ ಉತ್ತರ ಗೊತ್ತಿದ್ದರೆ, ಮುಂದೆ ತೊಂದರೆ ಬಂದಾಗ ಯಾರ ಬಾಗಿಲು ತಟ್ಟಬೇಕು ಎಂಬ ಗೊಂದಲ ಮಕ್ಕಳಿಗೆ ಇರುವುದಿಲ್ಲ.